ಕಂಪ್ಯೂಟರ್ ಬಿಟ್ಟು ಕನ್ಸೋಲ್‌ಗೆ ಹೋಗಬೇಕಾ? ಗೇಮ್ ಆಡುವ ಮನೆಗಳಿಗೆ ಒಂದು ವಿವರಣೆ

ಹೋದ ತಿಂಗಳು ವಿಜಯಪುರದ ಜಲನಗರದಲ್ಲಿರುವ ಅಣ್ಣನ ಮನೆಯಲ್ಲಿ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದೆವು. ಕ್ಯಾಬಿನೆಟ್‌ನ ಪಕ್ಕದ ತಗಡು ತೆಗೆದರೆ ಫ್ಯಾನಿನ ರೆಕ್ಕೆಗಳ ಮೇಲೆ ಬೂದು ಧೂಳು ಹತ್ತಿಯ ಹಾಗೆ ದಪ್ಪ ಕೂತಿತ್ತು. ಸಣ್ಣ ಬ್ರಷ್‌ನಿಂದ ಅದನ್ನು ತೆಗೆಯುತ್ತಿದ್ದಾಗ ಅಣ್ಣನ ಮಗ ಕೇಳಿದ: "ಕಾಕಾ, ಇದರಾಗ ವಿಂಡೋಸ್ 11 ಹಾಕಾಕ ಬರಂಗಿಲ್ಲ. ಹೊಸಾ ಗೇಮ್ ಒಂದೂ ಓಡಂಗಿಲ್ಲ. ಇದನ್ನ ಬಿಟ್ಟು ಪ್ಲೇಸ್ಟೇಷನ್ ತಗೊಂಡ್ರ ಹೆಂಗ?" ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಣ್ಣನದು ಬೇರೆ ಪ್ರಶ್ನೆ: "ಅದು ಟಿವಿಗೆ ಹಚ್ಚೂದಲ್ಲೇನೋ ತಮ್ಮಾ? ಅದರಾಗ ಅಭ್ಯಾಸ ಏನಾರ ಆಗ್ತೈತೇನು?"

ಎರಡೂ ಸರಿಯಾದ ಪ್ರಶ್ನೆಗಳೇ. ನಾನು ಎಂಟು ವರ್ಷ ಕಂಪ್ಯೂಟರ್‌ನಲ್ಲಿ ಆಡಿ, ಆಮೇಲೆ ಕನ್ಸೋಲ್‌ಗೆ, ಅಂದರೆ ಟಿವಿಗೆ ಜೋಡಿಸುವ ಗೇಮ್ ಪೆಟ್ಟಿಗೆಗೆ, ಬಂದವನು. ಆಗ ನನಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅನಿಸುವ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಮೂಲ ವಿಷಯ ಇಷ್ಟೇ: ಕನ್ಸೋಲ್‌ಗೆ ಹೋದರೆ ತಲೆನೋವು ಕಡಿಮೆಯಾಗುತ್ತದೆ, ಅದರ ಜೊತೆಗೆ ಕೈಯಲ್ಲಿದ್ದ ಸ್ವಾತಂತ್ರ್ಯವೂ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ, ಎಲ್ಲೆಲ್ಲಿ ಕಡಿಮೆ ಅನ್ನೋದನ್ನು ಗೊತ್ತುಮಾಡಿಕೊಂಡೇ ದುಡ್ಡು ಬಿಚ್ಚಬೇಕು.

ಈ ಪ್ರಶ್ನೆ ಈಗಲೇ ಯಾಕೆ ಬಂತು?

ಮೊದಲ ಕಾರಣ ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ಮುಗಿಯಿತು. ಅದಾದ ಮೇಲೂ ಕಂಪ್ಯೂಟರ್ ಓಡುತ್ತದೆ. ಆದರೆ ಕಳ್ಳರು ಒಳಗೆ ಬರದಂತೆ ಕಾಲಕಾಲಕ್ಕೆ ಬರುತ್ತಿದ್ದ ರಿಪೇರಿಗಳು ನಿಂತವು. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಅವಕಾಶ ಕೊಟ್ಟಿದ್ದಾರೆ, ಅಷ್ಟೇ. ವಿಂಡೋಸ್ 11 ಹಾಕೋಣ ಅಂದರೆ ಸಾಮಾನ್ಯವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು. ಅಣ್ಣನ ಮನೆಯದು 2017ರಲ್ಲಿ ತಂದದ್ದು, 7ನೇ ಪೀಳಿಗೆಯ ಐ5. ಒಂದೇ ಮೆಟ್ಟಿಲು ಕೆಳಗೆ ಉಳಿದುಬಿಟ್ಟಿತು.

ಎರಡನೆಯದು ಬಿಡಿಭಾಗಗಳ ಬೆಲೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏಕಾಏಕಿ ಏರಿತು. ಎಐ ಕೆಲಸಕ್ಕಾಗಿ ಕಟ್ಟುತ್ತಿರುವ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ರ‍್ಯಾಮ್‌ಗೆ ಬೇಕಾದ ಮೆಮೊರಿ ಚಿಪ್‌ಗಳನ್ನು ಸಗಟಾಗಿ ಎತ್ತಿಕೊಳ್ಳುತ್ತಿವೆ. ಹಾಗಾಗಿ ಹಳೆಯ ಕಂಪ್ಯೂಟರ್‌ಗೆ ಹೊಸ ಬೋರ್ಡ್, ಹೊಸ ರ‍್ಯಾಮ್ ಹಾಕಿಸುವ ಲೆಕ್ಕ ಮೊದಲಿನಷ್ಟು ಸಲೀಸಾಗಿ ಉಳಿದಿಲ್ಲ. ಇದೇ ಹೊತ್ತಿಗೆ ಟಿವಿ ಸ್ವಲ್ಪ ಅಗ್ಗವಾಯಿತು. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು.

ಹುಡುಗರ ಬಾಯಲ್ಲಿ ಮಾತ್ರ ಮೂರನೇ ಕಾರಣವೇ ಮೊದಲು ಬರುತ್ತದೆ: ಜಿಟಿಎ 6 ಅನ್ನುವ ಹೊಸ ಗೇಮ್. ಕಂಪನಿ ಹೇಳಿರುವ ದಿನಾಂಕ 2026ರ ನವೆಂಬರ್ 19. ಘೋಷಣೆ ಆಗಿರೋದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಿಗೆ ಮಾತ್ರ. ಇದರ ಹಿಂದಿನ ಆಟ ಜಿಟಿಎ 5 ಕನ್ಸೋಲ್‌ಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದರೆ, ಕಂಪ್ಯೂಟರ್‌ಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅಂದರೆ ಹತ್ತೊಂಬತ್ತು ತಿಂಗಳು ಕಾಯಬೇಕಾಯಿತು. ಪಿಯುಸಿ ಹುಡುಗನಿಗೆ ಹತ್ತೊಂಬತ್ತು ತಿಂಗಳು ಅಂದರೆ ಕಾಲೇಜೇ ಬದಲಾಗುವಷ್ಟು ಕಾಲ!

ಕನ್ಸೋಲ್ ಅಂದರೆ ಏನು?

ತೊಂಬತ್ತರ ದಶಕದಲ್ಲಿ ಹಳದಿ ಕ್ಯಾಸೆಟ್ ಹಾಕಿ, ಟಿವಿಗೆ ವೈರ್ ಚುಚ್ಚಿ ಮಾರಿಯೋ, ಕಾಂಟ್ರಾ ಆಡುತ್ತಿದ್ದೆವಲ್ಲ, ಅದೇ ಕನ್ಸೋಲ್. ನಾವು ಅದನ್ನು ಸುಮ್ನೆ 'ವಿಡಿಯೋ ಗೇಮ್' ಅನ್ನುತ್ತಿದ್ದೆವು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಅನ್ನುವ ಯಂತ್ರದ ನಕಲುಗಳೇ ನಮ್ಮ ಕಡೆಯ ಅಂಗಡಿಗಳಿಗೆ ಬರುತ್ತಿದ್ದವು. ಗೇಮ್ ಆಡಲಿಕ್ಕೆಂದೇ ಮಾಡಿದ, ಟಿವಿಗೆ ಜೋಡಿಸುವ, ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಿಂದ ನಡೆಸುವ ಪೆಟ್ಟಿಗೆ. ಇಂದಿಗೂ ಅರ್ಥ ಬದಲಾಗಿಲ್ಲ.

ಈಗ ಮುಖ್ಯವಾಗಿ ಮೂರು ಕಂಪನಿಗಳಿವೆ. ಸೋನಿಯ ಪ್ಲೇಸ್ಟೇಷನ್ 5 ಜಗತ್ತಿಗೆ ಬಂದದ್ದು 2020ರ ನವೆಂಬರ್‌ನಲ್ಲಿ, ಭಾರತಕ್ಕೆ 2021ರ ಫೆಬ್ರುವರಿ 2ಕ್ಕೆ. ಮೈಕ್ರೋಸಾಫ್ಟ್‌ನದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಅದರ ಚಿಕ್ಕ ತಮ್ಮ ಸೀರೀಸ್ ಎಸ್. ನಿಂಟೆಂಡೋ ಮಾಡುವ ಸ್ವಿಚ್ ಕೈಯಲ್ಲಿ ಹಿಡಿದೂ ಆಡಬಹುದು, ಟಿವಿಗೆ ಹಾಕಿಯೂ ಆಡಬಹುದು. ಆದರೆ ಅದನ್ನು ಕಂಪನಿ ಭಾರತದಲ್ಲಿ ಅಧಿಕೃತವಾಗಿ ಮಾರುತ್ತಾ ಬಂದಿಲ್ಲ. ಅಂಗಡಿಯಲ್ಲಿ ಕಂಡರೆ ಅದು ಹೊರದೇಶದಿಂದ ತರಿಸಿದ ಮಾಲು, ವಾರಂಟಿ ಯಾರು ಕೊಡುತ್ತಾರೆ ಅಂತ ಕೇಳಿಯೇ ಮುಂದೆ ಹೋಗಬೇಕು. ನಮ್ಮ ಕಡೆ ಹೆಚ್ಚಿನವರ ಆಯ್ಕೆ ಪ್ಲೇಸ್ಟೇಷನ್ ಆಗಿರೋದರಿಂದ ಇಲ್ಲಿನ ಉದಾಹರಣೆಗಳೂ ಅದರವೇ ಜಾಸ್ತಿ.

ಒಂದೇ ಅಳತೆಯ ಅಂಗಿ

ಕನ್ಸೋಲ್‌ನ ಒಳಗೂ ಇರೋದು ಕಂಪ್ಯೂಟರೇ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಎಂಡಿ ಕಂಪನಿಯ 8 ಕೋರ್‌ಗಳ ಪ್ರೊಸೆಸರ್, 16 ಜಿಬಿ ಮೆಮೊರಿ, ಗೇಮ್‌ಗಳನ್ನು ಉಳಿಸಿಡುವ ವೇಗದ ಎಸ್‌ಎಸ್‌ಡಿ ಇವೆ. ನಮ್ಮ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಬೇರೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬೇರೆ, ಎರಡಕ್ಕೂ ಬೇರೆ ಬೇರೆ ಮೆಮೊರಿ. ಕನ್ಸೋಲ್‌ನಲ್ಲಿ ಎರಡೂ ಒಂದೇ ಚಿಪ್‌ನಲ್ಲಿ ಕೂತು ಒಂದೇ ಮೆಮೊರಿ ಹಂಚಿಕೊಳ್ಳುತ್ತವೆ. ಒಂದೇ ಒಲೆ, ಒಂದೇ ಕಣಜ.

ಹಾಗಾದರೆ ಆರು ವರ್ಷದ ಹಿಂದಿನ ಭಾಗಗಳಿರುವ ಪೆಟ್ಟಿಗೆ ಇವತ್ತಿನ ಹೊಸ ಗೇಮ್ ಓಡಿಸೋದು ಹೇಗೆ? ಇದಕ್ಕೆ ಉತ್ತರ ಟೇಲರ್ ಅಂಗಡಿಯಲ್ಲಿದೆ. ಒಬ್ಬನದೇ ಅಳತೆ ಹಿಡಿದು ಹೊಲಿದರೆ ಅಂಗಿ ಮೈಗೆ ಸರಿಯಾಗಿ ಕೂರುತ್ತದೆ, ಬಟ್ಟೆಯೂ ಪೋಲಾಗುವುದಿಲ್ಲ. ಪ್ಲೇಸ್ಟೇಷನ್ 5ಕ್ಕೆ ಗೇಮ್ ಮಾಡುವವರಿಗೆ ಆ ಅನುಕೂಲ ಇದೆ. ಕೋಟಿಗಟ್ಟಲೆ ಪೆಟ್ಟಿಗೆಗಳ ಒಳಗೆ ಹೆಚ್ಚುಕಡಿಮೆ ಒಂದೇ ಸರಂಜಾಮು. ಅದೇ ಕಂಪ್ಯೂಟರ್‌ಗೆ ಗೇಮ್ ಮಾಡುವವರು ಸಾವಿರಾರು ಬಗೆಯ ಮೈಕಟ್ಟಿಗೆ ಹೊಂದುವ ಅಂಗಿ ಹೊಲಿಯಬೇಕು. ಹಳೇ ಪ್ರೊಸೆಸರ್ ಜೊತೆ ಹೊಸ ಕಾರ್ಡ್, ಹೊಸ ಪ್ರೊಸೆಸರ್ ಜೊತೆ ಕಡಿಮೆ ರ‍್ಯಾಮ್, ಹೀಗೆ. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ 'ಲೋ, ಮೀಡಿಯಂ, ಹೈ, ಅಲ್ಟ್ರಾ' ಅಂತ ಇಟ್ಟು, ನಿಮ್ಮ ಮೈಗೆ ತಕ್ಕಂತೆ ನೀವೇ ಬಿಗಿ ಸಡಿಲ ಮಾಡಿಕೊಳ್ಳಿ ಅನ್ನುತ್ತಾರೆ.

ಕನ್ಸೋಲ್‌ನಲ್ಲಿ ಆ ಕೆಲಸ ಮೊದಲೇ ಆಗಿರುತ್ತದೆ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಹುಡುಕೋದು, ಗೇಮ್ ಯಾಕೆ ತಾನಾಗಿ ಮುಚ್ಚಿಕೊಳ್ಳುತ್ತದೆ ಅಂತ ರಾತ್ರಿ ಕೂತು ಜಾಲಾಡೋದು, ಇವು ಇಲ್ಲ. ಬಹಳ ಗೇಮ್‌ಗಳಲ್ಲಿ ಒಂದೇ ಒಂದು ಪ್ರಶ್ನೆ ಇರುತ್ತದೆ: 'ಕ್ವಾಲಿಟಿ' ಬೇಕೋ, 'ಪರ್ಫಾರ್ಮೆನ್ಸ್' ಬೇಕೋ? ಶಾಲೆಯಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಚಿತ್ರ ಬರೆದು ಹಾಳೆಗಳನ್ನು ಸರ್ರನೆ ಬಿಟ್ಟರೆ ಗೊಂಬೆ ಓಡುತ್ತಿತ್ತು, ನೆನಪಿದೆಯಾ? ಆ ಒಂದೊಂದು ಹಾಳೆಯೇ ಒಂದು ಫ್ರೇಮ್. ಕ್ವಾಲಿಟಿ ಆರಿಸಿದರೆ ಸಾಮಾನ್ಯವಾಗಿ ಸೆಕೆಂಡಿಗೆ 30 ಹಾಳೆ, ಪ್ರತಿ ಚಿತ್ರವೂ ತಿದ್ದಿ ತೀಡಿದ್ದು. ಪರ್ಫಾರ್ಮೆನ್ಸ್ ಆರಿಸಿದರೆ 60 ಹಾಳೆ, ಚಿತ್ರ ತುಸು ಸಾದಾ, ಓಟ ನಯ. ಕಂಪ್ಯೂಟರ್‌ನಿಂದ ಬಂದವರು ಕಣ್ಣುಮುಚ್ಚಿ ಎರಡನೆಯದನ್ನು ಆರಿಸಿಕೊಳ್ಳಿ. 60ಕ್ಕೆ ಒಗ್ಗಿದ ಕಣ್ಣಿಗೆ 30 ಜಗ್ಗಿದಂತೆ ಕಾಣುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಅಂಗಿ ಚಿಕ್ಕದಾದರೆ ಬಿಚ್ಚಿ ದೊಡ್ಡದು ಮಾಡಲು ಆಗಲ್ಲ. ಕಂಪ್ಯೂಟರ್‌ನಲ್ಲಿ ಈ ವರ್ಷ ರ‍್ಯಾಮ್, ಮುಂದಿನ ವರ್ಷ ಕಾರ್ಡ್ ಅಂತ ಕಂತಿನಲ್ಲಿ ಬೆಳೆಸಬಹುದು. ಪ್ಲೇಸ್ಟೇಷನ್ 5ರಲ್ಲಿ ನೀವು ಹೆಚ್ಚಿಸಬಹುದಾದದ್ದು ಜಾಗ ಮಾತ್ರ. ಒಳಗೆ ಇನ್ನೊಂದು ಎಸ್‌ಎಸ್‌ಡಿ ಹಾಕಲು ಖಾಲಿ ಜಾಗ ಕೊಟ್ಟಿದ್ದಾರೆ.

ಮೌಸ್ ಬಿಟ್ಟ ಕೈ

ಬದಲಾವಣೆಯಲ್ಲಿ ಅತಿ ಕಷ್ಟದ ಭಾಗ ಇದು. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಎಷ್ಟೋ ಜನ ಮೊದಲ ವಾರದಲ್ಲೇ 'ತಪ್ಪು ಮಾಡಿದೆ' ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಮೊದಲ ದಿನ ನನಗೆ ಏನಾಯಿತು ಅಂದರೆ, ಎದುರಿಗೆ ಶತ್ರು ಬಂದ. ಬಲ ಹೆಬ್ಬೆರಳಿನಿಂದ ಕಂಟ್ರೋಲರ್ ಮೇಲಿನ ಕಡ್ಡಿ (ನೋಟ ತಿರುಗಿಸುವ ಸಣ್ಣ ಸ್ಟಿಕ್) ಒತ್ತಿದೆ. ನೋಟ ಅವನನ್ನು ದಾಟಿ ಗೋಡೆಗೆ ಹೋಯಿತು. ವಾಪಸ್ ಎಳೆದೆ, ಈ ಕಡೆ ದಾಟಿತು. ಮೂರನೇ ಸಲ ಆಕಾಶ ನೋಡುತ್ತಿದ್ದೆ. ಅಷ್ಟರಲ್ಲಿ ಆಟ ಮುಗಿದಿತ್ತು. ಎಂಟು ವರ್ಷದ ಅಭ್ಯಾಸ ಒಂದೇ ಸಂಜೆಯಲ್ಲಿ ನೀರುಪಾಲಾದಂತೆ ಅನಿಸಿತು, ನಿಜವಾಗಿಯೂ ಬೇಜಾರಾಯಿತು.

ಯಾಕೆ ಹೀಗೆ? ಮೌಸ್ ಅನ್ನೋದು ತಂಬಿಗೆಯಲ್ಲಿ ನೀರು ಸುರಿದ ಹಾಗೆ. ಎಷ್ಟು ಸುರಿದಿರೋ ಅಷ್ಟೇ ಬೀಳುತ್ತದೆ. ಕೈ ಎರಡು ಇಂಚು ಸರಿದರೆ ನೋಟವೂ ಅದರ ಲೆಕ್ಕಕ್ಕೆ ಸರಿದು, ಕೈ ನಿಂತ ಕಡೆ ನಿಲ್ಲುತ್ತದೆ. ಕಂಟ್ರೋಲರ್‌ನ ಕಡ್ಡಿ ಹಾಗಲ್ಲ. ಅದು ನಲ್ಲಿ ಇದ್ದ ಹಾಗೆ. ಎಷ್ಟು ತಿರುಗಿಸಿದಿರಿ ಅನ್ನೋದು ನೀರಿನ ರಭಸವನ್ನು ಮಾತ್ರ ಹೇಳುತ್ತದೆ. ಕೊಡ ತುಂಬುವ ಹೊತ್ತಿಗೆ ನೀವೇ ಬಂದ್ ಮಾಡಬೇಕು. ಕಡ್ಡಿಯನ್ನು ಸ್ವಲ್ಪ ಒತ್ತಿದರೆ ನೋಟ ನಿಧಾನ ತಿರುಗುತ್ತದೆ, ಪೂರ್ತಿ ಒತ್ತಿದರೆ ರಭಸದಿಂದ ತಿರುಗುತ್ತದೆ, ಬಿಡುವವರೆಗೂ ತಿರುಗುತ್ತಲೇ ಇರುತ್ತದೆ. ಮೌಸ್ ಹಿಡಿದ ಕೈಗೆ ದೂರ ಗೊತ್ತು, ವೇಗ ಗೊತ್ತಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಈ ವೇಗವನ್ನೇ.

ಇದು ಕಷ್ಟ ಅಂತ ಗೇಮ್ ಮಾಡುವವರಿಗೂ ಗೊತ್ತು. ಅದಕ್ಕೇ 'ಏಮ್ ಅಸಿಸ್ಟ್' ಅನ್ನುವ ಸಹಾಯ ಇಟ್ಟಿರುತ್ತಾರೆ. ನಿಮ್ಮ ಗುರಿ ಶತ್ರುವಿನ ಹತ್ತಿರ ಬಂದಾಗ ನೋಟ ತಾನಾಗಿ ನಿಧಾನವಾಗುತ್ತದೆ, ಕೆಲವು ಆಟಗಳಲ್ಲಿ ಸ್ವಲ್ಪ ಅಂಟಿಕೊಳ್ಳುತ್ತದೆ. ಇದು ಮೋಸ ಅಲ್ಲ, ಕನ್ಸೋಲ್ ಆಟದ ನಿಯಮದ ಒಳಗೇ ಇರುವಂಥದ್ದು. ಮೊದಲ ದಿನ ಸೆಟ್ಟಿಂಗ್ಸ್‌ನಲ್ಲಿ 'ಸೆನ್ಸಿಟಿವಿಟಿ' ಕಡಿಮೆ ಮಾಡಿಕೊಳ್ಳಿ. 'ಡೆಡ್ ಝೋನ್' ಅಂತಲೂ ಒಂದಿರುತ್ತದೆ. ಕಡ್ಡಿಯನ್ನು ಎಷ್ಟು ಅಲುಗಿಸುವವರೆಗೆ ಆಟ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅನ್ನೋದು ಅದರ ಅರ್ಥ. ಹೊಸ ಕಂಟ್ರೋಲರ್ ಇದ್ದರೆ ಅದನ್ನು ಸಣ್ಣದಾಗಿಡಿ, ಹೆಬ್ಬೆರಳಿನ ಸಣ್ಣ ಚಲನೆಯೂ ನೋಟಕ್ಕೆ ಮುಟ್ಟುತ್ತದೆ.

ಎಲ್ಲ ಆಟಕ್ಕೂ ಈ ಕಷ್ಟ ಇಲ್ಲ. ಕಾರ್ ರೇಸ್, ಫುಟ್‌ಬಾಲ್, ಕ್ರಿಕೆಟ್, ಕತ್ತಿ ಬೀಸುವ ಸಾಹಸದ ಆಟಗಳು ಕಂಟ್ರೋಲರ್‌ನಲ್ಲೇ ಚೆಂದ. ಕೀಬೋರ್ಡ್‌ನ ಗುಂಡಿ ಒತ್ತಿದರೆ ಕಾರಿಗೆ ಪೂರ್ತಿ ಆಕ್ಸಿಲರೇಟರ್, ಬಿಟ್ಟರೆ ಸೊನ್ನೆ. ಕಂಟ್ರೋಲರ್‌ನ ಹಿಂದಿರುವ ಟ್ರಿಗರ್ ಬೈಕಿನ ರೈಸರ್ ಇದ್ದ ಹಾಗೆ, ಬೇಕಾದಷ್ಟೇ ತಿರುವಬಹುದು. ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನಲ್ಲಿ ಅದು ಸಂದರ್ಭಕ್ಕೆ ತಕ್ಕಂತೆ ಬಿಗಿಯೂ ಆಗುತ್ತದೆ. ಬಿಲ್ಲಿನ ಹಗ್ಗ ಎಳೆದಾಗ ಬೆರಳಿಗೆ ಆ ಎಳೆತ ಗೊತ್ತಾಗುತ್ತದೆ.

ಟಿವಿಯ ಒಳಗೊಂದು ಗೋಳಗುಮ್ಮಟ

ನಮ್ಮೂರಿನವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಒಂದು ಸುತ್ತು ಹೋಗಿ ವಾಪಸ್ ಬರುತ್ತದೆ. ಏಳು ಸಲ ಕೇಳಿಸುತ್ತದೆ ಅಂತ ಮಕ್ಕಳಿಗೆ ಎಣಿಸಿ ತೋರಿಸುತ್ತೇವೆ. ಕೈ ತಟ್ಟಿದ್ದಕ್ಕೂ ಆ ಸದ್ದು ವಾಪಸ್ ಬಂದದ್ದಕ್ಕೂ ನಡುವೆ ಒಂದು ಗಳಿಗೆಯ ಅಂತರ ಇರುತ್ತದೆ ಅಲ್ವಾ? ನೀವು ಗುಂಡಿ ಒತ್ತಿದ್ದಕ್ಕೂ ಅದು ಪರದೆಯ ಮೇಲೆ ಕಂಡದ್ದಕ್ಕೂ ನಡುವೆ ಅಂಥದ್ದೇ ಅಂತರ ಇದೆ. ಅದಕ್ಕೆ 'ಇನ್‌ಪುಟ್ ಲ್ಯಾಗ್' ಅನ್ನುತ್ತಾರೆ.

ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಇದು ಸಾಮಾನ್ಯವಾಗಿ ಬಹಳ ಕಡಿಮೆ. ಟಿವಿಯಲ್ಲಿ ಜಾಸ್ತಿ. ಟಿವಿ ಚಿತ್ರವನ್ನು ಸೀದಾ ತೋರಿಸುವುದಿಲ್ಲ. ಬಣ್ಣ ಏರಿಸಿ, ಅಂಚು ತಿದ್ದಿ, ಚಲನೆ ನಯ ಮಾಡಿ, ಆಮೇಲೆ ತೋರಿಸುತ್ತದೆ. ಧಾರಾವಾಹಿ ನೋಡುವವರಿಗೆ ಇದರಿಂದ ನಷ್ಟ ಇಲ್ಲ. ಗೇಮ್ ಆಡುವವರಿಗೆ ಇದೆ. ಕೆಲವು ಟಿವಿಗಳಲ್ಲಿ ಈ ಅಲಂಕಾರಕ್ಕೆ 100 ಮಿಲಿಸೆಕೆಂಡ್‌ವರೆಗೂ ಹೋಗುತ್ತದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್‌ಗೆ ಸಿಗುವ ಕಾಲ ಸುಮಾರು 17 ಮಿಲಿಸೆಕೆಂಡ್. ಅಂದರೆ ನೀವು ನೋಡುತ್ತಿರೋದು ಆರು ಫ್ರೇಮ್ ಹಳೆಯ ಚಿತ್ರ. ಬ್ಯಾಟ್ ಬೀಸಿದಾಗ ಚೆಂಡು ಆಗಲೇ ಕೀಪರ್ ಕೈಯಲ್ಲಿ.

ಪರಿಹಾರಕ್ಕೆ ಖರ್ಚಿಲ್ಲ. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ 'ಗೇಮ್ ಮೋಡ್' ಹಾಕಿ. ಅಲಂಕಾರ ಬಂದ್ ಆಗಿ ಅಂತರ ಬಹಳಷ್ಟು ಇಳಿಯುತ್ತದೆ. ಹೊಸ ಟಿವಿ ಕೊಳ್ಳುವುದಾದರೆ 'ಗೇಮ್ ಮೋಡ್ ಇದೆಯೇನ್ರಿ?' ಅಂತ ಮೊದಲು ಕೇಳಿ, ಆಮೇಲೆ ಇಂಚಿನ ಮಾತು. 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಬದಲಾಗುವ ಪರದೆ), ಎಚ್‌ಡಿಎಂಐ 2.1 (ಅದಕ್ಕೆ ತಕ್ಕ ವೇಗದ ಕೇಬಲ್ ಕಿಂಡಿ) ಅಂತ ದೊಡ್ಡ ಬೆಲೆ ಹೇಳುತ್ತಾರೆ. 4ಕೆಯಲ್ಲಿ ಸೆಕೆಂಡಿಗೆ 120 ಫ್ರೇಮ್ ಬೇಕಾದವರಿಗೆ ಅದು ಬೇಕು. ಹೆಚ್ಚಿನ ಗೇಮ್‌ಗಳು 60ರಲ್ಲೇ ಓಡೋದರಿಂದ ಸಾದಾ 60 ಹರ್ಟ್ಸ್ ಟಿವಿಯಲ್ಲೂ ಆಟ ಚೆನ್ನಾಗಿ ನಡೆಯುತ್ತದೆ. ಮನೆಯ ಹಳೇ ಫುಲ್ ಎಚ್‌ಡಿ ಟಿವಿಯೂ ಸಾಕು. ಕಂಪ್ಯೂಟರ್‌ನ ಮಾನಿಟರ್‌ಗೆ ಎಚ್‌ಡಿಎಂಐ ಇದ್ದರೆ ಕನ್ಸೋಲ್ ಅದಕ್ಕೂ ಸೇರುತ್ತದೆ.

ಆ ಮಾನಿಟರ್ ಉಳಿಸಿಕೊಳ್ಳಲು ಇನ್ನೊಂದು ಕಾರಣ ಇದೆ. ಸಂಜೆ ಏಳರಿಂದ ಒಂಬತ್ತರವರೆಗೆ ಹಾಲ್‌ನ ಟಿವಿ ನಮ್ಮವ್ವನದು. ಆ ಹೊತ್ತಿಗೆ ಅದರ ರಿಮೋಟ್ ಯಾರೂ ಮುಟ್ಟಲ್ಲ.

ಯಾವ ಆಟ ನಿಮ್ಮ ಜೊತೆ ಬರುತ್ತದೆ, ಯಾವುದು ಬರುವುದಿಲ್ಲ

ಕಂಪ್ಯೂಟರ್ ಗೇಮ್ ಮಾರುವ ಇಂಟರ್ನೆಟ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಗೇಮ್‌ಗಳು ಪ್ಲೇಸ್ಟೇಷನ್‌ಗೆ ಬರುವುದಿಲ್ಲ. ಹತ್ತು ವರ್ಷದಲ್ಲಿ ಕೂಡಿಸಿದ ಐವತ್ತು ಗೇಮ್ ಇದ್ದರೂ ಅಲ್ಲಿ ಸೊನ್ನೆಯಿಂದ ಶುರು. ಫೋರ್ಟ್‌ನೈಟ್, ಗೆನ್‌ಶಿನ್ ಇಂಪ್ಯಾಕ್ಟ್ ಥರದ ಕೆಲವು ಆಟಗಳಲ್ಲಿ ಅದೇ ಖಾತೆಯಿಂದ ಒಳಗೆ ಹೋದರೆ ನಿಮ್ಮ ಪ್ರಗತಿ ಸಿಗುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ 'ಪ್ಲೇ ಎನಿವೇರ್' ಗುರುತಿರುವ ಗೇಮ್ ಒಮ್ಮೆ ಕೊಂಡರೆ ವಿಂಡೋಸ್ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ಉಳಿದವಕ್ಕೆ ಈ ಅನುಕೂಲ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಕೆಲವು ಆಟಗಳು ಕನ್ಸೋಲ್‌ಗೆ ಬಂದೇ ಇಲ್ಲ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಕಂಪ್ಯೂಟರ್‌ನವೇ. ವ್ಯಾಲರಂಟ್ 2024ರಲ್ಲಿ ಕನ್ಸೋಲ್‌ಗೆ ಬಂತು, ಆದರೆ ಕನ್ಸೋಲ್‌ನವರು ಕನ್ಸೋಲ್‌ನವರ ಜೊತೆಗೇ ಆಡಬೇಕು. ನಿಮ್ಮ ಗೆಳೆಯರೆಲ್ಲ ಕಂಪ್ಯೂಟರ್‌ನಲ್ಲಿ ವ್ಯಾಲರಂಟ್ ಆಡುತ್ತಿದ್ದರೆ ನೀವು ಗುಂಪು ಬಿಟ್ಟು ಬಂದಂತೆ. ಗೆಳೆಯರು ಎಲ್ಲಿದ್ದಾರೆ ಅನ್ನೋದು ಯಂತ್ರದ ಶಕ್ತಿಗಿಂತ ದೊಡ್ಡ ಪ್ರಶ್ನೆ ಅಂತ ನನ್ನ ಅನುಭವ.

ಮತ್ತೆ 'ಮಾಡ್'ಗಳು. ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಬಂದದ್ದು 2006ರಲ್ಲಿ. ನಮ್ಮ ಹುಡುಗರು ಅದಕ್ಕೆ ಈಗಲೂ ಹೊಸ ಜೆರ್ಸಿ, ಹೊಸ ತಂಡ, ಹೊಸ ಮೈದಾನ ಹಾಕಿಕೊಂಡು ಆಡುತ್ತಾರೆ. ಆಟಗಾರರೇ ಮಾಡಿ ಹಂಚುವ ಇಂಥ ಬದಲಾವಣೆಗಳೇ ಮಾಡ್. ಕಂಪ್ಯೂಟರ್‌ನ ಬಾಗಿಲು ತೆರೆದಿರೋದರಿಂದ ಇದು ಸಾಧ್ಯ. ಕನ್ಸೋಲ್‌ನಲ್ಲಿ ಕಂಪನಿ ಒಪ್ಪಿದ್ದು ಮಾತ್ರ ಒಳಗೆ ಬರುತ್ತದೆ, ಕೆಲವೇ ಗೇಮ್‌ಗಳು ಮಾಡ್‌ಗೆ ಅವಕಾಶ ಕೊಡುತ್ತವೆ. ಕಂಪ್ಯೂಟರ್ ಮನೆಯ ಅಡುಗೆಯಾದರೆ ಕನ್ಸೋಲ್ ಖಾನಾವಳಿ. ಕೂತ ತಕ್ಷಣ ತಾಟು ಬರುತ್ತದೆ, ಪಾತ್ರೆ ತೊಳೆಯುವ ಕೆಲಸ ಇಲ್ಲ. ಪಲ್ಯ ಇವತ್ತು ಯಾವುದು ಅನ್ನೋದು ಮಾತ್ರ ನಿಮ್ಮ ಕೈಯಲ್ಲಿಲ್ಲ.

ಡಿಸ್ಕ್ ಇರುವುದೋ, ಇಲ್ಲದ್ದೋ?

ಪ್ಲೇಸ್ಟೇಷನ್ 5ರಲ್ಲಿ ಎರಡು ಬಗೆ: ಡಿಸ್ಕ್ ಹಾಕುವ ಬಾಯಿ ಇರುವುದು, ಮತ್ತು ಆ ಬಾಯಿ ಇಲ್ಲದ 'ಡಿಜಿಟಲ್'. ಡಿಜಿಟಲ್‌ನಲ್ಲಿ ಎಲ್ಲ ಗೇಮ್ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಇದನ್ನು ಬಿಡಿಸಿ ಹೇಳದ ಅಂಗಡಿಯಲ್ಲಿ ನಮ್ಮ ಪರಿಚಯದವರೊಬ್ಬರು ಮಗನ ಹುಟ್ಟುಹಬ್ಬಕ್ಕೆ ಡಿಜಿಟಲ್ ಪೆಟ್ಟಿಗೆಯನ್ನೂ ಎರಡು ಡಿಸ್ಕ್‌ಗಳನ್ನೂ ಒಟ್ಟಿಗೆ ತಂದರು. ಮನೆಗೆ ಬಂದು ನೋಡಿದರೆ ಡಿಸ್ಕ್ ಹಾಕಲು ಜಾಗವೇ ಇಲ್ಲ. ಹುಡುಗನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಈಗಿನ ಸ್ಲಿಮ್ ಮಾಡೆಲ್‌ಗೆ ಡಿಸ್ಕ್ ಡ್ರೈವ್ ಬೇರೆಯಾಗಿ ಕೊಂಡು ಹಚ್ಚಬಹುದು, ಮೊದಲಿನ ಡಿಜಿಟಲ್ ಮಾಡೆಲ್‌ಗೆ ಆಗಲ್ಲ.

ಡಿಸ್ಕ್ ಹಾಕಿದರೂ ಗೇಮ್ ಓಡೋದು ಡಿಸ್ಕ್‌ನಿಂದಲ್ಲ. ಅದು ಎಸ್‌ಎಸ್‌ಡಿಗೆ ಇಳಿದು ಅಲ್ಲಿಂದ ಓಡುತ್ತದೆ. ಡಿಸ್ಕ್ ಬರೀ ಬೀಗದ ಕೈ. ಆದರೆ ಈ ಕೈಯನ್ನು ಆಡಿ ಮುಗಿಸಿದ ಮೇಲೆ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದನ್ನು ಇಸಿದುಕೊಳ್ಳಬಹುದು. ಇಳಿಸಿಕೊಂಡ ಗೇಮ್ ಮಾರಲು ಬರುವುದಿಲ್ಲ. ಒಂದೊಂದು ದೊಡ್ಡ ಗೇಮ್ 100 ಜಿಬಿ ಆಸುಪಾಸು ಇರೋದರಿಂದ ಮನೆಯ ಇಂಟರ್ನೆಟ್ ಮೊಬೈಲ್ ಹಾಟ್‌ಸ್ಪಾಟ್ ಒಂದೇ ಆಗಿದ್ದರಂತೂ ಡಿಸ್ಕ್ ಇರುವುದನ್ನೇ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ

ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 49,990 ರೂ., ಡಿಜಿಟಲ್‌ಗೆ 39,990 ರೂ. ಇತ್ತು. 2024ರ ಏಪ್ರಿಲ್‌ನಲ್ಲಿ ಸ್ಲಿಮ್ ಬಂದಾಗ 54,990 ಮತ್ತು 44,990 ಆಗಿತ್ತು. ವರ್ಷ ಕಳೆದಂತೆ ಎಲೆಕ್ಟ್ರಾನಿಕ್ಸ್ ಅಗ್ಗ ಆಗುತ್ತದೆ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆದಿಲ್ಲ. ದಸರಾ, ದೀಪಾವಳಿಯ ರಿಯಾಯ್ತಿಗೆ ಕಾದರೆ ಒಂದಿಷ್ಟು ಉಳಿಯುತ್ತದೆ.

ನಿಜವಾದ ಖರ್ಚು ಆಮೇಲೆ. ಸಿದ್ಧೇಶ್ವರ ಜಾತ್ರೆಯಲ್ಲಿ ಜಾಗ ಹಿಡಿದು ಅಂಗಡಿ ಹಾಕುವವರು ಬಾಡಿಗೆ ಕಟ್ಟುತ್ತಾರಲ್ಲ, ಹಾಗೆ ಕನ್ಸೋಲ್‌ನ ಅಂಗಡಿಯಲ್ಲಿ ಮಾರಾಟವಾಗುವ ಪ್ರತಿ ಗೇಮ್‌ನಿಂದ ಕಂಪನಿಗೆ ಪಾಲು ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ಸ್ಟೀಮ್ ಬೇಡ ಅಂದರೆ ಬೇರೆ ಅಂಗಡಿಗಳಿವೆ, ಪೈಪೋಟಿಯಿಂದ ಬೆಲೆ ಇಳಿಯುತ್ತದೆ. ಕನ್ಸೋಲ್‌ನ ಒಳಗೆ ಇರೋದು ಒಂದೇ ಅಂಗಡಿ. ದೊಡ್ಡ ಹೊಸ ಗೇಮ್ ಐದು ಸಾವಿರದ ಆಸುಪಾಸು ಇರುತ್ತದೆ.

ಇನ್ನೊಂದು, ಕಂಪ್ಯೂಟರ್‌ನವರಿಗೆ ಹೊಸದು: ಕೊಂಡ ಗೇಮ್ ಅನ್ನು ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆ ಆಡಲು ಚಂದಾ ಕಟ್ಟಬೇಕು. ಪ್ಲೇಸ್ಟೇಷನ್‌ನಲ್ಲಿ ಅದರ ಹೆಸರು ಪಿಎಸ್ ಪ್ಲಸ್, ಎಕ್ಸ್‌ಬಾಕ್ಸ್‌ನಲ್ಲಿ ಗೇಮ್ ಪಾಸ್. ಫೋರ್ಟ್‌ನೈಟ್‌ನಂಥ ಉಚಿತ ಆಟಗಳಿಗೆ ಇದು ಬೇಡ. ಒಬ್ಬರೇ ಆಡುವ ಕಥೆಯ ಆಟಗಳಿಗೂ ಬೇಡ. ಚಂದಾ ಜೊತೆ ತಿಂಗಳಿಗೆ ಕೆಲವು ಗೇಮ್ ಕೊಡುತ್ತಾರೆ, ಆದರೆ ಅದು ಬಸ್ ಪಾಸ್ ಇದ್ದ ಹಾಗೆ. ಪಾಸ್ ಮುಗಿದ ದಿನ ಸೀಟೂ ಇಲ್ಲ.

ಒಂದು ಅಂದಾಜು ಹಾಕೋಣ. ಪೆಟ್ಟಿಗೆ 55,000. ಚಂದಾ ವರ್ಷಕ್ಕೆ 4,000 ಅಂತ ಹಿಡಿದರೆ ಐದು ವರ್ಷಕ್ಕೆ 20,000. ವರ್ಷಕ್ಕೆ ಮೂರು ಗೇಮ್, ಒಂದಕ್ಕೆ ಸರಾಸರಿ 4,000 ಅಂದರೆ ಐದು ವರ್ಷಕ್ಕೆ 60,000. ಒಟ್ಟು 1,35,000. ಡಿಸ್ಕ್ ಕೊಂಡು ಆಡಿ ಅರ್ಧ ಬೆಲೆಗೆ ಮಾರುತ್ತಾ ಹೋದರೆ 30,000 ವಾಪಸ್ ಬರುತ್ತದೆ. ಒಬ್ಬರೇ ಆಡುವವರು ಚಂದಾ ಬಿಟ್ಟರೆ ಇನ್ನೊಂದು 20,000 ಉಳಿಯುತ್ತದೆ. ಅದೇ ಪೆಟ್ಟಿಗೆ, ಅದೇ ಐದು ವರ್ಷ, ಖರ್ಚು ಮಾತ್ರ 85,000ಕ್ಕೆ ಇಳಿಯಿತು. ನಿಮ್ಮ ಮನೆಯ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಬಿಸಿಲು, ಧೂಳು, ಕರೆಂಟ್

ಪ್ಲೇಸ್ಟೇಷನ್ 5ರ ಜೊತೆ ಬರುವ ಪುಸ್ತಕದಲ್ಲಿ 5ರಿಂದ 35 ಡಿಗ್ರಿ ಉಷ್ಣಾಂಶದಲ್ಲಿ ಬಳಸಿ ಅಂತ ಇದೆ. ನಮ್ಮ ಏಪ್ರಿಲ್, ಮೇ ತಿಂಗಳು 40 ದಾಟುತ್ತದೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ ಆಟ ಬೇಡ. ಬೆಳಿಗ್ಗೆ ಅಥವಾ ಕತ್ತಲಾದ ಮೇಲೆ ಆಡಿ. ಟಿವಿ ಶೋಕೇಸ್‌ನ ಮುಚ್ಚಿದ ಗೂಡಿನಲ್ಲಿ ಇಡಬೇಡಿ, ಗೋಡೆಯಿಂದ ಕನಿಷ್ಠ ಹತ್ತು ಸೆಂಟಿಮೀಟರ್ ಬಿಡಿ. ಧೂಳು ಬಾರದಿರಲಿ ಅಂತ ಕಸೂತಿ ಬಟ್ಟೆ ಹೊದಿಸುವ ರೂಢಿ ನಮ್ಮಲ್ಲಿದೆ. ಯಂತ್ರ ನಡೆಯುತ್ತಿರುವಾಗ ಅದನ್ನು ತೆಗೆದಿಡಿ, ಇಲ್ಲದಿದ್ದರೆ ಉಸಿರು ಕಟ್ಟುತ್ತದೆ.

ಧೂಳಿಗೆ ಕಂಪನಿಯೇ ದಾರಿ ಮಾಡಿದೆ. ಬದಿಯ ಮುಚ್ಚಳ ಸ್ಕ್ರೂ ಇಲ್ಲದೆ ಜಾರಿಸಿದರೆ ಬರುತ್ತದೆ. ಒಳಗೆ ಧೂಳು ಹಿಡಿಯುವ ಸಣ್ಣ ರಂಧ್ರಗಳಿವೆ, ಅಲ್ಲಿ ವ್ಯಾಕ್ಯೂಮ್ ಹಿಡಿದರೆ ಸಾಕು. ಅದಕ್ಕಿಂತ ಒಳಗೆ ಬಿಚ್ಚಿಸಬೇಡಿ. ಚಿಪ್‌ನ ಬಿಸಿ ಹೀರಲು ಅಲ್ಲಿ ಪೇಸ್ಟ್ ಬದಲು ದ್ರವ ಲೋಹ ಹಾಕಿರುತ್ತಾರೆ. ಅದು ಚೆಲ್ಲಿದರೆ ಬೋರ್ಡೇ ಹೋಗುತ್ತದೆ.

ಕರೆಂಟ್ ತಟ್ಟನೆ ಹೋಗಿ ಬರುವ ಬಡಾವಣೆಯಲ್ಲಿದ್ದರೆ ಯುಪಿಎಸ್ ಬೇಕು. ಮನೆಯ ಇನ್ವರ್ಟರ್ ಇದ್ದರೆ ಅದರ ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದೆಯಾ ನೋಡಿ. ಸಾದಾ ಮೋಡ್‌ನಲ್ಲಿ ಬದಲಾಗುವ ಆ ಒಂದು ಕ್ಷಣಕ್ಕೇ ಯಂತ್ರ ಆರಿಹೋಗಬಹುದು. ರಾತ್ರಿ ಮಲಗುವಾಗ 'ರೆಸ್ಟ್ ಮೋಡ್'ನಲ್ಲಿ ಬಿಡದೆ ಪೂರ್ತಿ ಬಂದ್ ಮಾಡಿ.

ಹೆಸ್ಕಾಂ ಬಿಲ್ ಎಷ್ಟಾಗುತ್ತದೆ ಅಂತ ಅತ್ತಿಗೆ ಕೇಳಿದರು. ಆಡುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಎರಡು ಗಂಟೆ ಅಂದರೆ ತಿಂಗಳಿಗೆ 12 ಯೂನಿಟ್, ಟಿವಿಯದು ಬೇರೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ 400 ವ್ಯಾಟ್ ಎಳೆದರೆ ಅಷ್ಟೇ ಹೊತ್ತಿಗೆ 24 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಅನ್ನೋದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ದಡದಲ್ಲಿರುವ ಮನೆಗೆ ಈ 12 ಯೂನಿಟ್ ಸಣ್ಣದಲ್ಲ.

ಅಣ್ಣನ ಪ್ರಶ್ನೆ, ಮತ್ತೆ ಒಂದು ತಿಂಗಳ ಪರೀಕ್ಷೆ

ಅಭ್ಯಾಸ ಆಗುತ್ತದೆಯಾ ಅಂದರೆ, ಇಲ್ಲ. ಕನ್ಸೋಲ್‌ನಲ್ಲಿ ಎಕ್ಸೆಲ್ ಇಲ್ಲ, ಟ್ಯಾಲಿ ಇಲ್ಲ, ಕೋಡ್ ಬರೆಯಲು ಆಗಲ್ಲ, ಪ್ರಿಂಟ್ ಹೊಡೆಯಲು ಆಗಲ್ಲ. ಮುಂದೆ ಇಂಜಿನಿಯರಿಂಗ್, ಬಿಕಾಂ ಓದುವ ಹುಡುಗನಿಗೆ ಕಂಪ್ಯೂಟರ್ ಬೇಕೇ ಬೇಕು. ಹಾಗಾಗಿ ಹಳೆಯದನ್ನು ಮೂರು ಕಾಸಿಗೆ ಮಾರಿ ಆ ದುಡ್ಡನ್ನು ಕನ್ಸೋಲ್‌ಗೆ ಸೇರಿಸಬೇಡಿ. ಗೇಮ್‌ಗೆ ಸೋತ ಕಂಪ್ಯೂಟರ್ ಓದಿಗೆ ಸೋತಿರುವುದಿಲ್ಲ. ಅದಕ್ಕೆ ವಿಂಡೋಸ್ ಬದಲು ಉಬುಂಟು ಥರದ ಉಚಿತ ಲಿನಕ್ಸ್ ಹಾಕಿದರೆ ಭದ್ರತೆಯ ರಿಪೇರಿಗಳೂ ಬರುತ್ತವೆ, ಪಾಠದ ಕೆಲಸವೂ ನಡೆಯುತ್ತದೆ. ಕನ್ಸೋಲ್‌ನಲ್ಲಿ ತಂದೆ ತಾಯಿಗೆ ಹಿಡಿಸುವ ಒಂದು ಸೌಲಭ್ಯ ಇದೆ. ಮಗುವಿನ ಖಾತೆಯನ್ನು ದೊಡ್ಡವರ ಖಾತೆಯ ಕೆಳಗೆ ಇಟ್ಟರೆ ದಿನಕ್ಕೆ ಎಷ್ಟು ಹೊತ್ತು ಆಡಬಹುದು, ಎಷ್ಟು ದುಡ್ಡು ಖರ್ಚು ಮಾಡಬಹುದು ಅಂತ ಫೋನ್‌ನಿಂದಲೇ ಗೊತ್ತುಮಾಡಬಹುದು.

ಕೊಳ್ಳುವ ಮೊದಲು ಒಂದು ತಿಂಗಳು ಹೀಗೆ ಮಾಡಿ ನೋಡಿ. ಕಂಟ್ರೋಲರ್ ಒಂದನ್ನೇ ಮೊದಲು ತನ್ನಿ. ಪ್ಲೇಸ್ಟೇಷನ್ 5ರ ಕಂಟ್ರೋಲರ್ ಕೇಬಲ್ ಹಾಕಿದರೆ ಕಂಪ್ಯೂಟರ್‌ಗೂ ಸೇರುತ್ತದೆ, ಸ್ಟೀಮ್ ಅದನ್ನು ಗುರುತಿಸುತ್ತದೆ. ನಾಳೆ ಕನ್ಸೋಲ್ ಬಂದರೆ ಎರಡನೇ ಕಂಟ್ರೋಲರ್ ಆಗುತ್ತದೆ, ದುಡ್ಡು ವ್ಯರ್ಥವಲ್ಲ. ಕಂಪ್ಯೂಟರ್‌ನ ಎಚ್‌ಡಿಎಂಐ ಕೇಬಲ್ ಟಿವಿಗೆ ಹಾಕಿ, ಗೇಮ್ ಮೋಡ್ ಹಾಕಿ, ಎಂಟು ಅಡಿ ದೂರ ಕೂತು ಇರುವ ಗೇಮ್‌ಗಳನ್ನೇ ಆಡಿ. ಜೊತೆಗೆ ಹೋದ ಆರು ತಿಂಗಳಲ್ಲಿ ನಿಜವಾಗಿ ಆಡಿದ ಗೇಮ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಅವು ಕನ್ಸೋಲ್‌ನಲ್ಲಿ ಇವೆಯಾ ಅಂತ ಒಂದೊಂದಾಗಿ ನೋಡಿ.

ಅಣ್ಣನ ಮಗ ಈಗ ಮೂರನೇ ವಾರದಲ್ಲಿದ್ದಾನೆ. ಕಾರ್ ರೇಸ್, ಫುಟ್‌ಬಾಲ್‌ಗೆ ಕೀಬೋರ್ಡ್ ಮುಟ್ಟುವುದನ್ನೇ ಬಿಟ್ಟಿದ್ದಾನೆ. ಹಾಳೆಯಲ್ಲಿ ಒಂಬತ್ತು ಹೆಸರುಗಳಿವೆ. ಏಳರ ಮುಂದೆ ಸರಿ ಗುರುತು, ಒಂದಕ್ಕೆ ಅಡ್ಡಗೆರೆ. ಇನ್ನು ಕೌಂಟರ್ ಸ್ಟ್ರೈಕ್. ಅದು ಕನ್ಸೋಲ್‌ಗೆ ಬರಲ್ಲ ಅಂತ ಅವನಿಗೆ ಗೊತ್ತು, ಆದರೂ ಗೆರೆ ಎಳೆದಿಲ್ಲ. ಶನಿವಾರ ರಾತ್ರಿ ನಾಲ್ಕು ಜನ ಗೆಳೆಯರು ಅಲ್ಲೇ ಸೇರುತ್ತಾರೆ.